ಕೋಣ ಮೇಯ್ದ ಹಿತ್ತಲು

ಇದರಲ್ಲಿ ಕೆಲವು ಸಂಗತಿಗಳು ನನಗೆ ತಪ್ಪಾಗಿ ನೆನಪಿರಬಹುದು. ಮೊದಲೇ ಹೇಳಿಬಿಡುತ್ತೇನೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಆಧಾರವಿಲ್ಲದ ಮಾತನ್ನು ನಂಬಬೇಡಿ ಎಂದು ಆಯುಷ್ಯವಿಡೀ ಮಕ್ಕಳಿಗೆ ಪಾಠ ಹೇಳಿದವಳು ನಾನು. ದಿನಚರಿ ಬರೆಯುವ ಚಟ ಹತ್ತಿದ್ದು ಧಾರವಾಡಕ್ಕೆ ಕಾಲೇಜಿಗೆ ಹೋದ ಮೇಲೆ. ಈಗ ಹೇಳಹೊರಟಿರುವುದು ಅದಕ್ಕಿಂತ ಹಿಂದಿನದು. ಇದಕ್ಕೆ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿ ಇತ್ತೀಚೆಗೆ ಕನ್ನಡಕ ಎಲ್ಲಿಟ್ಟೆ ಎನ್ನುವುದನ್ನೂ ಸರಿಯಾಗಿ ಹೇಳುವುದಿಲ್ಲ.

ಹೋದ ತಿಂಗಳು ಯಲ್ಲಾಪುರದ ನಮ್ಮ ಮನೆಗೆ ಪಕ್ಕದ ಮನೆಯ ಹುಡುಗಿ ಒಂದು ಕಟ್ಟು ಬಸಳೆ ತಂದುಕೊಟ್ಟಳು. ಹುಡುಗಿ ಎಂದೆ, ಅವಳಿಗೆ ಇಬ್ಬರು ಮಕ್ಕಳಿದ್ದಾರೆ. ಮನೆಯ ತಾರಸಿಯ ಮೇಲೆ ಡಬ್ಬಿ, ಬಕೆಟ್ಟು, ಒಡೆದ ಸಿಂಕು ಎಲ್ಲದರಲ್ಲೂ ಮಣ್ಣು ತುಂಬಿ ಏನಾದರೊಂದು ಬೆಳೆಯುತ್ತಾಳೆ. ಅವಳ ಹಾಗೆ ತಾರಸಿಯಲ್ಲಿ ಬೆಳೆಯುವ ಹೆಂಗಸರದ್ದೊಂದು ಗುಂಪಿದೆ. “ಆಂಟಿ, ನಿಮ್ಮ ಕಾಲದಲ್ಲಿ ಎಲ್ಲರೂ ಸ್ವಾವಲಂಬಿಗಳಾಗಿದ್ರಲ್ಲ, ಅದರ ಬಗ್ಗೆ ನಮ್ಮ ಗುಂಪಿಗೆ ಎರಡು ಮಾತು ಹೇಳಿ” ಎಂದು ಕೇಳಿದಳು. ನಾನು ಹೂಂ ಎಂದೆ. ಅವಳು ಹೋದ ಮೇಲೆ ಬಸಳೆಯ ದಂಟು ಮುರಿದೆ. ಲೋಳೆ ಕೈಗೆ ಹತ್ತಿತು, ಹಸಿ ಮಣ್ಣಿನಂಥ ಆ ವಾಸನೆ ಮೂಗಿಗೆ ಬಂತು. ಹೂಂ ಎಂದಿದ್ದು ತಪ್ಪಾಯಿತೇನೋ ಅನ್ನಿಸಿತು. ನಾವು ನಿಜಕ್ಕೂ ಸ್ವಾವಲಂಬಿಗಳಾಗಿದ್ದೆವಾ?

ನಮ್ಮ ಊರು ಶಿರಸಿಯ ಹತ್ತಿರದ ವಾನಳ್ಳಿ. ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಹೈಸ್ಕೂಲಿಗೆ ಬಂದೆ. ಊರಲ್ಲಿ ಹೈಸ್ಕೂಲು ಇರಲಿಲ್ಲ, ಶಿರಸಿಗೆ ಹೋಗಬೇಕು. ಹುಡುಗಿಯನ್ನು ಪೇಟೆಯಲ್ಲಿಟ್ಟು ಓದಿಸುವುದೇ ಎಂದು ಮನೆಯಲ್ಲಿ ಬಹಳ ದಿನ ಮಾತು ನಡೆಯಿತು. ಕೊನೆಗೆ ದಾರಿ ತೋರಿಸಿದವಳು ಸರಸತ್ತೆ. ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡು ತವರಿಗೆ ವಾಪಸಾಗಿದ್ದಳು, ಆಗ ಇನ್ನೂ ಮೂವತ್ತು ದಾಟಿರಲಿಲ್ಲ. “ಆನು ಹೋಗಿ ಕೂಸಿನ ಸಂತಿಗೆ ಇರ್ತೆ” ಎಂದಳು. ನಮ್ಮ ಮಾತಿನಲ್ಲಿ ಕೂಸು ಅಂದರೆ ಹುಡುಗಿ, ಸಂತಿಗೆ ಅಂದರೆ ಜೊತೆಗೆ. ಶಿರಸಿಯಲ್ಲಿ ಅಜ್ಜನ ಗೆಳೆಯರಾದ ಮೇಷ್ಟರೊಬ್ಬರ ಮನೆಯ ಹಿಂಭಾಗದಲ್ಲಿ ಒಂದು ಬಿಡಾರ ಖಾಲಿಯಿತ್ತು. ಎಲ್ಲಾ ಸರಿಹೋಯಿತು ಎನ್ನುವಷ್ಟರಲ್ಲಿ ಅಜ್ಜ ತನ್ನ ಕರಾರು ಹಾಕಿದ.

ಅಜ್ಜನ ಕರಾರು ಅರ್ಥವಾಗಬೇಕಾದರೆ ನಮ್ಮ ಮನೆಯ ಒಂದು ಜಂಬ ನಿಮಗೆ ಗೊತ್ತಿರಬೇಕು. ನಮ್ಮ ಮನೆಯವರು ಯಾವತ್ತೂ ತರಕಾರಿ ಕೊಂಡವರಲ್ಲ. ಸಂತೆಯಲ್ಲಿ ಬಟ್ಟೆ ಕೊಳ್ಳಬಹುದು, ಉಪ್ಪು ಕೊಳ್ಳಬಹುದು, ಪಾತ್ರೆ ಕೊಳ್ಳಬಹುದು. ಆದರೆ ತರಕಾರಿ ಕೊಂಡರೆ ಆ ಮನೆಯ ಹೆಂಗಸರಿಗೆ ಕೈಯಿಲ್ಲ, ಗಂಡಸರಿಗೆ ಬೆನ್ನಿಲ್ಲ ಎಂದು ಲೆಕ್ಕ. ಮದುವೆಗೆ ಹೆಣ್ಣು ನೋಡಲು ಹೋದಾಗ ಅಜ್ಜ ಮೊದಲು ಆ ಮನೆಯ ಹಿತ್ತಲು ನೋಡುತ್ತಿದ್ದನಂತೆ. ಹೆಣ್ಣು ಆಮೇಲೆ.

“ಕೂಸು ಓದದು ಬ್ಯಾಡ ಹೇಳಿ ಆನು ಹೇಳ್ತ್ನಿಲ್ಲೆ” ಎಂದ ಅಜ್ಜ. “ಅಕ್ಕಿ, ಕಾಯಿ, ಬೆಲ್ಲ ಇಲ್ಲಿಂದ ಕಳಸ್ತೆ. ಹುಳಿಗೆ, ಪಲ್ಯಕ್ಕೆ ಬೇಕಾದ್ದು ಅಲ್ಲೇ ಬೆಳಕಂಡು ತಿನ್ನವು. ಸಂತೆ ತರಕಾರಿ ಕೊಂಡು ತಿಂದ್ರಿ ಹೇಳಿ ಗೊತ್ತಾದ್ರೆ ಮಾರನೇ ದಿನ ಗಾಡಿ ಕಳಸ್ತೆ. ಇಬ್ರೂ ಹತ್ತಿ ಬಂದುಬುಡಿ.”

“ಇಲ್ಲಿಂದ್ಲೇ ತರಕಾರಿ ತಗಂಡು ಹೋದ್ರೆ ಆಗ್ತಿಲ್ಯಾ ಅಪ್ಪಯ್ಯ?” ಎಂದಳು ಅತ್ತೆ.

“ಇಲ್ಲಿಂದ ಹೊತ್ಗಂಡು ಹೋಗಿ ಅಲ್ಲಿ ತಿನ್ನದಾದ್ರೆ, ಇಲ್ಲೇ ಕೂತು ತಿನ್ನಲಕ್ಕು.”

ಹೀಗೆ ನನ್ನ ವಿದ್ಯಾಭ್ಯಾಸ ನಾನು ಪಡೆಯುವ ಅಂಕಗಳ ಮೇಲೆ ನಿಲ್ಲದೆ, ಅತ್ತೆ ಬೆಳೆಯುವ ಬದನೆಕಾಯಿಯ ಮೇಲೆ ನಿಂತಿತು. ಅತ್ತೆಯ ಪೇಟೆವಾಸವೂ ಅದರ ಮೇಲೇ ನಿಂತಿತ್ತು ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ. ಆ ವಯಸ್ಸಿನಲ್ಲಿ ಜಗತ್ತೆಲ್ಲ ನನ್ನ ಶಾಲೆಯ ಸುತ್ತಲೇ ತಿರುಗುತ್ತಿತ್ತು.

ಬಿಡಾರದ ಹಿಂದೆ ಒಂದು ತುಂಡು ನೆಲವಿತ್ತು. ಒಂದು ಕಡೆ ಬಾವಿ, ಇನ್ನೊಂದು ಕಡೆ ಪಕ್ಕದ ಮನೆಯ ಮೋಟು ಗೋಡೆ, ನಡುವೆ ಕೆಂಪುಕಲ್ಲಿನ ನೆಲ. ಅತ್ತೆ ಗುದ್ದಲಿಯಿಂದ ಒಂದೇಟು ಹಾಕಿದಳು, ಗಂಟೆ ಹೊಡೆದ ಹಾಗೆ ಠಣ್ ಎಂದಿತು. ಅವಳು ಗುದ್ದಲಿಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, “ಇದು ಹಿತ್ತಲಲ್ಲ, ಗಡಿಯಾರ” ಎಂದಳು.

ಅಲ್ಲಿಂದ ಶುರುವಾದದ್ದು ಅವಳ ಮಣ್ಣು ಸಾಗಾಟ. ಊರಿಗೆ ಹೋದಾಗಲೆಲ್ಲ ಕೊಟ್ಟಿಗೆಯ ಹಳೇ ಗೊಬ್ಬರವನ್ನು ಗೋಣಿಚೀಲದಲ್ಲಿ ತುಂಬಿ ಬಸ್ಸಿನ ಟಾಪಿನ ಮೇಲೆ ಹಾಕಿಸುತ್ತಿದ್ದಳು. ಕಂಡಕ್ಟರು ಮೂಗು ಹಿಡಿದುಕೊಂಡು, “ಅಮ್ಮಾ, ಈ ಚೀಲದಾಗೆ ಏನೈತಿ?” ಎಂದು ಕೇಳಿದ. ಅತ್ತೆ ಕಿಟಕಿಯ ಹೊರಗೆ ನೋಡುತ್ತ, “ಮುಂದಿನ ತಿಂಗಳ ತರಕಾರಿ” ಎಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಯಾಕೆಂದರೆ ಹಿಂದಿನ ಸೀಟಿನಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳಿದ್ದಳು. ಅಥವಾ ಅವಳು ಬೇರೆ ದಿನದ ಬಸ್ಸಿನಲ್ಲಿದ್ದಳೇ? ನಾಚಿಕೆಯಂತೂ ಖಂಡಿತ ಇತ್ತು, ಹುಡುಗಿ ಇದ್ದಳೋ ಇಲ್ಲವೋ.

ಮಳೆಗಾಲದಲ್ಲಿ ಹಿತ್ತಲಿನಲ್ಲಿ ಏನೂ ಏಳಲಿಲ್ಲ. ಅತ್ತೆ ಪೇಟೆಯನ್ನೇ ಹಿತ್ತಲು ಮಾಡಿಕೊಂಡಳು. ಗಟಾರದ ಅಂಚಿನ ಒಂದೆಲಗ, ರಸ್ತೆ ಬದಿಯ ಚಗಟೆ ಸೊಪ್ಪು, ಬೇಲಿಯ ಕುಡಿ, ಎಲ್ಲವೂ ತಂಬುಳಿಯಾಗಿ ನಮ್ಮ ಬಾಳೆಲೆಗೆ ಬಂದವು. ಒಂದು ಸಲ ಕಚೇರಿಯ ಕಂಪೌಂಡಿನಲ್ಲಿ ಬಗ್ಗಿ ಚಗಟೆ ಕೊಯ್ಯುತ್ತಿದ್ದಾಗ ಅಲ್ಲಿನ ಜವಾನ ಓಡಿ ಬಂದ.

“ಓಯ್ ಅಮ್ಮಾ, ಮುಟ್ಬ್ಯಾಡಿ! ಸರ್ಕಾರಿ ಜಾಗದ್ದು!”

“ಯಾವ ಸರ್ಕಾರದ್ದು ತಮ್ಮಾ, ಮುಂಬೈದಾ ಮೈಸೂರಿಂದಾ?”

ಅವನು ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. “ಈಗ ಮೈಸೂರಿಂದು.”

“ಹಾಂಗಾರೆ ಮೈಸೂರಿಗೆ ಹೋಗಿ ಕೇಳಿಕ್ಕೆ ಬಾ. ಅಷ್ಟ್ರೊಳಗೆ ಆನು ಕೊಯ್ದು ಮುಗಸ್ತೆ.”

ಮಳೆ ನಿಂತ ಮೇಲೆ ಹಿತ್ತಲಿನ ಬಣ್ಣ ಬದಲಾಯಿತು. ಬಚ್ಚಲಿನ ನೀರು ಹರಿಯುವಲ್ಲಿ ಬಸಳೆ ಚಪ್ಪರ ಬಂತು. ನಾವು ಹೆಚ್ಚು ಸಲ ಮಿಂದಷ್ಟೂ ಅದಕ್ಕೆ ಸುಖ. ಹಾಗಾಗಿ ನನಗೆ ಚಳಿಗಾಲದಲ್ಲೂ ಎರಡು ಹೊತ್ತು ಸ್ನಾನ. ಬಾವಿಕಟ್ಟೆಯ ಕೆಳಗೆ ಕೆಸು, ಅಂಗಳದ ಮೂಲೆಯಲ್ಲಿ ಬದನೆ, ಗೋಡೆಯ ಪಕ್ಕ ಪಡವಲ. ಪಡವಲಕಾಯಿ ಸುರುಳಿ ಸುತ್ತದೆ ನೆಟ್ಟಗೆ ಇಳಿಯಲೆಂದು ಅದರ ತುದಿಗೆ ಸಣ್ಣ ಕಲ್ಲು ಕಟ್ಟುತ್ತಾರಲ್ಲ, ಆ ಕೆಲಸ ನನ್ನದು. ಬೀಜಗಣಿತದ ಮಾಸ್ತರರು ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ನಿಂತಾಗಲೂ ನನ್ನ ಜೇಬಿನಲ್ಲಿ ಒಳ್ಳೆಯ ಆಕಾರದ ಎರಡು ಕಲ್ಲುಗಳಿರುತ್ತಿದ್ದವು. ಮಣ್ಣಿನಲ್ಲಿ ಹರಡಿದ ಮೊಗೆಬಳ್ಳಿಯಲ್ಲಿ ಹಳದಿ ಪಟ್ಟೆಯ ಮೊಗೆಕಾಯಿಗಳು, ನೀವು ಮಂಗಳೂರು ಸೌತೆ ಎನ್ನುತ್ತೀರಲ್ಲ ಅದೇ, ಹಂದಿಮರಿಗಳ ಹಾಗೆ ಮಲಗಿದ್ದವು.

ಮೋಟು ಗೋಡೆಯಾಚೆ ಗಂಗವ್ವನ ಮನೆ. ಬನವಾಸಿ ಕಡೆಯವರು. ಗಂಡನದು ಬೆಲ್ಲದ ವ್ಯಾಪಾರ. ಗಂಗವ್ವನಿಗೆ ನಮ್ಮನ್ನು ನೋಡಿದರೆ ಎಷ್ಟು ಅಯ್ಯೋ ಅನ್ನಿಸುತ್ತಿತ್ತೋ ಅಷ್ಟೇ ಮಜವೂ ಅನ್ನಿಸುತ್ತಿತ್ತು. ಗೋಡೆಗೆ ಎರಡೂ ಮೊಣಕೈ ಊರಿ ನಿಂತು, “ಏನ್ರೀ ಅಕ್ಕಾರ, ಸಂತಿ ಇಷ್ಟ ಹತ್ರ ಐತಿ. ನೀವ್ಯಾಕ ಕೋಳಿಯಂಗ ನೆಲ ಕೆದರ್ತೀರಿ?” ಎನ್ನುತ್ತಿದ್ದಳು.

“ನಿಂಗಳ ಸಂತೆ ತರಕಾರಿಗೆ ಅಪ್ಪ ಅಮ್ಮ ಯಾರು ಹೇಳಿ ಗೊತ್ತಿಲ್ಲೆ” ಎನ್ನುತ್ತಿದ್ದಳು ಅತ್ತೆ, ತಲೆ ಎತ್ತದೆಯೇ.

“ಬದನಿಕಾಯಿಗೆ ಜಾತಕ ಕೇಳೂ ಮಂದಿ ನಿಮ್ಮನ್ನ ಬಿಟ್ರ ಇಲ್ಲ ಬಿಡ್ರಿ.”

ಇಬ್ಬರೂ ದಿನಕ್ಕೊಮ್ಮೆ ಹೀಗೆ ಆಡಿಕೊಳ್ಳದಿದ್ದರೆ ಊಟ ಸೇರುತ್ತಿರಲಿಲ್ಲ. ಅತ್ತೆ ಗೋಡೆಯ ಮೇಲಿನಿಂದ ಬಸಳೆ ಕೊಡುವಳು. ಗಂಗವ್ವ ಅದನ್ನು ಹೇಗೆ ಬೇಯಿಸಿದಳೋ, ಮರುದಿನ “ಭಾಳ ಚಲೋ ಆಗಿತ್ರಿ, ಅಂಟಿನಂಗ” ಎನ್ನುವಳು. ಅವಳು ಹುಳಿಸೊಪ್ಪಿನ ಪುಂಡಿಪಲ್ಯೆ ಮಾಡಿ ಕೊಟ್ಟರೆ ಅತ್ತೆ ಬೆರಳ ತುದಿಯಿಂದ ನೆಕ್ಕಿ ನೋಡಿ, ಆಮೇಲೆ ಬಟ್ಟಲು ಖಾಲಿ ಮಾಡುವಳು. ಕೊಟ್ಟಿದ್ದಕ್ಕೆ ಬದಲಾಗಿ ತಗೊಂಡರೆ ಅದು ಕೊಂಡಂತಾಗುತ್ತದೋ ಎಂದು ನನಗೊಂದು ಅಳುಕು. ಕೇಳಿದರೆ ಅತ್ತೆ, “ನಿನ್ನ ಶಾಲೆಲಿ ಇದನ್ನೂ ಹೇಳಿಕೊಡ್ತ್ವಾ?” ಎಂದು ಗದರಿದಳು.

ಹೀಗೆ ಶಿವರಾತ್ರಿ ಹತ್ತಿರ ಬಂತು. ಒಂದು ದಿನ ಬಸ್ಸಿನ ಕಂಡಕ್ಟರು, ಅದೇ ಮೂಗು ಹಿಡಿಯುವವನು, ಸುದ್ದಿ ತಂದ. ಅಜ್ಜ ಅಡಿಕೆ ಕೆಲಸಕ್ಕೆ ಶಿರಸಿಗೆ ಬರುತ್ತಾನೆ, ನಾಡಿದ್ದು ಮಧ್ಯಾಹ್ನದ ಊಟ ನಮ್ಮಲ್ಲೇ. ಅತ್ತೆ ಹಿತ್ತಲಿಗೆ ಹೋಗಿ ಮದುವೆ ಚಪ್ಪರ ನೋಡುವವಳ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. “ಬರಲಿ” ಎಂದಳು. ಅಷ್ಟು ಬಲಿತ ಬದನೆ, ಅಷ್ಟು ನೆಟ್ಟಗಿನ ಪಡವಲ ಅವಳು ವಾನಳ್ಳಿಯಲ್ಲೂ ಬೆಳೆದಿರಲಿಲ್ಲ.

ಮರುದಿನ ಸಂಜೆ ನಾನು ಶಾಲೆಯಿಂದ ಬಂದಾಗ ಹಿತ್ತಲ ಗೇಟು ಒಂದೇ ಬಿಜಾಗರಿಯಲ್ಲಿ ನೇತಾಡುತ್ತಿತ್ತು. ಒಳಗೆ ದೇವಿಗೆ ಬಿಟ್ಟ ಕೋಣ.

ಊರದೇವಿಯ ಹೆಸರಿನಲ್ಲಿ ಬಿಟ್ಟ ಕೋಣವನ್ನು ಯಾರೂ ಹೊಡೆಯುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ಅದು ಪೇಟೆಯಲ್ಲೆಲ್ಲ ತನಗೆ ಬೇಕಾದಲ್ಲಿ ಮೇಯುತ್ತದೆ. ಅಂಗಡಿಕಾರರು ತಾವಾಗಿಯೇ ತಿನ್ನಿಸಿ ಕಳಿಸುತ್ತಾರೆ. ಅದರ ಮೈ ಕರೀ ಬಂಡೆಯ ಹಾಗಿತ್ತು. ಒಂದು ಕೋಡು ಮೊಂಡಾಗಿತ್ತು ಎಂದು ನನಗೆ ನೆನಪು, ಆದರೆ ಆ ಕೋಡು ಎಡದ್ದೋ ಬಲದ್ದೋ ಎಂದು ಕೇಳಬೇಡಿ. ಅದು ನಿಧಾನವಾಗಿ, ಒಂದಿಷ್ಟೂ ಅವಸರವಿಲ್ಲದೆ, ನಮ್ಮ ಬದನೆ ಸಾಲನ್ನು ಮುಗಿಸುತ್ತಿತ್ತು. ಅದರ ಎದುರಿಗೆ ಅತ್ತೆ ಕೈಮುಗಿದು ನಿಂತಿದ್ದಳು.

“ತಾಯೇ, ಸಾಕು ಮಾಡೇ. ತಾಯೇ, ಇಷ್ಟಕ್ಕೆ ಸಾಕು ಮಾಡೇ.”

ನಾನು ಚಪ್ಪರದ ಗಳ ಎತ್ತಿಕೊಂಡೆ.

“ಏ ಕೂಸೇ, ಕೈ ಇಳಸು! ದೇವ್ರದ್ದು ಅದು!”

“ನಾಳೆ ಅಜ್ಜ ಬತ್ನಲೇ ಅತ್ತೆ!”

“ಅಜ್ಜಂಗಿಂತ ದೇವಿ ದೊಡ್ಡದು” ಎಂದಳು ಅತ್ತೆ, ಆದರೆ ಧ್ವನಿಯಲ್ಲಿ ಅಷ್ಟು ಖಾತ್ರಿಯಿರಲಿಲ್ಲ.

ಗದ್ದಲ ಕೇಳಿ ಗಂಗವ್ವ ಗೋಡೆಯ ಮೇಲೆ ಕಾಣಿಸಿಕೊಂಡಳು. ನೋಡಿದ ಕೂಡಲೇ ಒಳಗೆ ಓಡಿ ಹೋಗಿ ಅರಿಶಿನ ಕುಂಕುಮ, ಒಂದು ದೊಡ್ಡ ಅಚ್ಚು ಬೆಲ್ಲ ತಂದಳು. “ಬೆಲ್ಲ ತಿನ್ಸಿದ್ರ ಸಮಾಧಾನ ಆಗಿ ಹೋಗತೈತ್ರಿ ಅಕ್ಕಾರ, ನಮ್ಮ ಕಡೆ ಹಂಗ ಮಾಡ್ತಾರ” ಎಂದಳು. ಕೋಣ ಬೆಲ್ಲವನ್ನು ಶಾಂತವಾಗಿ ತಿಂದಿತು. ಅದಕ್ಕೆ ನಿಜಕ್ಕೂ ಸಮಾಧಾನವಾಯಿತು. ಇಷ್ಟು ಮರ್ಯಾದೆ ಮಾಡುವ ಮನೆಯನ್ನು ಬಿಟ್ಟು ಹೋಗುವುದು ಯಾಕೆ ಎಂದು ತೀರ್ಮಾನಿಸಿ ಪಡವಲದ ಕಡೆ ತಿರುಗಿತು. ಕಲ್ಲು ಕಟ್ಟಿದ ಕಾಯಿಗಳನ್ನು ಕಲ್ಲಿನವರೆಗೆ ತಿಂದು ಕಲ್ಲನ್ನು ಉಗುಳಿತು. ಬಸಳೆ ಚಪ್ಪರ ಮೈಯುಜ್ಜುವುದಕ್ಕೆ ಅನುಕೂಲವಾಯಿತು. ಮೊಗೆಕಾಯಿಗಳ ಮೇಲೆ ಕಾಲಿಟ್ಟುಕೊಂಡೇ ಓಡಾಡಿತು. ಹೊತ್ತು ಮುಳುಗುವಾಗ ತಾನಾಗಿಯೇ ಹೊರಟಿತು, ಗೇಟಿನ ಉಳಿದ ಬಿಜಾಗರಿಯನ್ನೂ ಕಿತ್ತುಕೊಂಡು. ಗಂಗವ್ವ ಅದರ ಬೆನ್ನಿಗೆ ಮತ್ತೊಮ್ಮೆ ಕೈಮುಗಿದಳು.

ಹಿತ್ತಲಿನಲ್ಲಿ ಉಳಿದದ್ದು ಕೆಸು ಮಾತ್ರ. ಬಾಯಿ ತುರಿಸುತ್ತದೆಂದು ಕೋಣ ಅದನ್ನು ಮುಟ್ಟಿರಲಿಲ್ಲ. ಆದರೆ ಅಜ್ಜ ಕಾಶಿಗೆ ಹೋಗಿ ಬಂದವನು. ಕಾಶಿಗೆ ಹೋದವರು ಏನಾದರೊಂದು ತಿನ್ನುವ ವಸ್ತುವನ್ನು ಅಲ್ಲಿ ಗಂಗೆಗೆ ಬಿಟ್ಟು ಬರಬೇಕು, ಮತ್ತೆ ಬದುಕಿರುವ ತನಕ ತಿನ್ನಬಾರದು. ಅಜ್ಜ ಬಿಟ್ಟುಬಂದದ್ದು ಕೆಸು. ನಾನೂ ಅತ್ತೆಯೂ ಆ ಕೆಸುವಿನ ಗಿಡಗಳನ್ನೇ ನೋಡುತ್ತ ಬಾವಿಕಟ್ಟೆಯ ಮೇಲೆ ಕುಳಿತೆವು. ಅವು ಅಗಲ ಎಲೆ ಬಿಟ್ಟುಕೊಂಡು ಬಹಳ ಆರೋಗ್ಯವಾಗಿದ್ದವು. ಅತ್ತೆಗೆ ಇದ್ದಕ್ಕಿದ್ದಂತೆ ನಗು ಬಂತು. ನನಗೂ ಬಂತು. ನಕ್ಕು ನಕ್ಕು ಕೊನೆಗೆ ನಾನು ಅಳುತ್ತಿದ್ದೆ.

ಬೆಳಿಗ್ಗೆ ಅತ್ತೆ ನನ್ನ ಜಡೆ ಎಂದಿಗಿಂತ ಬಿಗಿಯಾಗಿ ಹೆಣೆದಳು. “ಶಾಲೆಗೆ ಹೋಗು. ಇವತ್ತು ಎಲ್ಲಾ ಪಾಠ ಸರಿಯಾಗಿ ಕೇಳು” ಎಂದಳು. ಆ ಬೆಳಿಗ್ಗೆ ಮನೆಯಲ್ಲಿ ಏನಾಯಿತು ಎನ್ನುವುದಕ್ಕೆ ನಾನು ಸಾಕ್ಷಿಯಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದೆ. ಅಜ್ಜ ಮಣೆಯ ಮೇಲೆ ಕುಳಿತಿದ್ದ. ಅವನ ಬಾಳೆಲೆಯಲ್ಲಿ ಬದನೆಕಾಯಿ ಪಲ್ಯ. ಮೊಗೆಕಾಯಿ ಹುಳಿ. ಒಂದು ಬದಿಗೆ ಹಸಿರು ಚಟ್ನಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಬದನೆ ಎಳೇದು ಇದ್ದು” ಎಂದ ಅಜ್ಜ. “ಈ ಹಿತ್ತಲದ್ದೇಯಾ?”

“ಮಜ್ಜಿಗೆ ಬಡಸಲಾ ಅಪ್ಪಯ್ಯ?”

“ಹುಳಿಯನ್ನವೇ ಮುಗದ್ದಿಲ್ಲೆ ಮಾರಾಯ್ತಿ.”

ಪಲ್ಯದಲ್ಲಿದ್ದದ್ದು ಸಣ್ಣ, ಕಡುನೇರಳೆ ಬಣ್ಣದ ಬದನೆ. ತೊಟ್ಟಿನಲ್ಲಿ ಮುಳ್ಳಿರುವ ಜಾತಿ. ನಮ್ಮದು ಉದ್ದನೆಯ ಹಸಿರು ಬದನೆ. ಆ ಮುಳ್ಳುಬದನೆಯನ್ನು ಆಮೇಲೆ ನಾನು ಧಾರವಾಡದ ಸಂತೆಯಲ್ಲಿ ರಾಶಿರಾಶಿಯಾಗಿ ನೋಡಿದೆ. ಬಹುಶಃ ಅಲ್ಲಿ ನೋಡಿದ್ದನ್ನು ತಂದು ನಾನೇ ಅಜ್ಜನ ಎಲೆಗೆ ಬಡಿಸುತ್ತಿದ್ದೇನೆಯೋ ಏನೋ. ಆದರೆ ಅಜ್ಜ ಒಂದು ತುಂಡನ್ನು ಬೆರಳಿನಿಂದ ಎತ್ತಿ, ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡದ್ದು ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಕೈತೊಳೆಯಲು ಅಜ್ಜ ಹಿತ್ತಲಿಗೆ ಹೋದ. ನಾವಿಬ್ಬರೂ ಹಿಂದೆಯೇ ಹೋದೆವು. ಮುರಿದ ಚಪ್ಪರ, ಜಜ್ಜಿಹೋದ ಮೊಗೆಕಾಯಿ, ತಟ್ಟೆಯಷ್ಟಗಲದ ಗೊರಸಿನ ಗುರುತುಗಳು. ಅಜ್ಜ ಬಹಳ ಹೊತ್ತು ನೋಡಿದ. “ದೇವಿ ಕೋಣ” ಎಂದಳು ಅತ್ತೆ. ಅಷ್ಟರಲ್ಲಿ ಗೋಡೆಯ ಮೇಲೆ ಗಂಗವ್ವನ ತಲೆ ಕಾಣಿಸಿತು.

“ದೇವಿ ಕೋಣ ನಿಂಗಳ ಹಿತ್ತಲಿಗೂ ಬಂದಿತ್ತಾ?” ಎಂದು ಅಜ್ಜ ಕೇಳಿದ.

“ಇಲ್ರೀ ಅಜ್ಜಾರ. ನಮ್ಮ ಹಿತ್ತಲದಾಗ ತಿನ್ನಾಕ ಏನೈತ್ರಿ?” ಎಂದಳು ಗಂಗವ್ವ. ಎಂದವಳೇ ನಾಲಿಗೆ ಕಚ್ಚಿಕೊಂಡಳು. “ಅಂದ್ರ... ಇದ್ದ ಬದನಿಕಾಯಿ ಎಲ್ಲಾ ಮುಂಜಾನೆನ ಹರಿದು ಅಕ್ಕಾರಿಗೆ ಕೊಟ್ಟೇನ್ರಿ. ಅದಕ್ಕ ಖಾಲಿ.”

ಅಜ್ಜ ಗೋಡೆಯಾಚೆ ಇಣುಕಿದ. ಗಂಗವ್ವನ ಹಿತ್ತಲಿನಲ್ಲಿ ಒಣಹಾಕಿದ ಸೀರೆಗಳು, ಬೆಲ್ಲದ ಖಾಲಿ ಡಬ್ಬಗಳು, ಒಂದು ತುಳಸಿ ಗಿಡ. ಮತ್ತೊಂದು ಕಡ್ಡಿಯೂ ಇರಲಿಲ್ಲ. ಅತ್ತೆ ನೆಲ ನೋಡುತ್ತಿದ್ದಳು. ನನ್ನ ಕಿವಿಯಲ್ಲಿ ಗಾಡಿಯೆತ್ತಿನ ಗಂಟೆ ಕೇಳತೊಡಗಿತ್ತು.

ಅಜ್ಜ ಪಂಚೆಯ ತುದಿಯಿಂದ ಕೈ ಒರೆಸಿಕೊಂಡ. ನನ್ನ ಕಡೆ ತಿರುಗಿದ.

“ಎಂತಕ್ಕೆ ನಿಂತಿದ್ದೆ ಕೂಸೇ? ಶಾಲೆಗೆ ಹೊತ್ತಾತಲೇ. ಹೋಗು.”

ನಾನು ಊಟ ಮಾಡಿರಲಿಲ್ಲ. ಆದರೂ ಚೀಲ ಹಿಡಿದು ಓಡಿದೆ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಅಜ್ಜ ಗೇಟಿಲ್ಲದ ಗೇಟಿನ ಹತ್ತಿರ ನಿಂತು ಅತ್ತೆಗೆ ಏನೋ ಹೇಳುತ್ತಿದ್ದ. ಒಂದೇ ಮಾತಿರಬೇಕು, ತುಟಿ ಬಹಳ ಅಲುಗಲಿಲ್ಲ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಜ್ಜನ ಎದುರಿಗೆ ಅವಳು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗಾಡಿ ಬರಲಿಲ್ಲ. ಬದಲಿಗೆ ಬಸ್ಸಿನ ಟಾಪಿನ ಮೇಲೆ ಗೊಬ್ಬರದ ಚೀಲಗಳು ಕೇಳದೆಯೇ ಬರತೊಡಗಿದವು. ನಾನು ಹೈಸ್ಕೂಲು ಮುಗಿಸಿ ಧಾರವಾಡಕ್ಕೆ ಹೋದೆ. ಅತ್ತೆ ವಾನಳ್ಳಿಗೆ ಹಿಂತಿರುಗಲೇ ಇಲ್ಲ. ಅದೇ ಬಿಡಾರದಲ್ಲಿ ಹಳ್ಳಿಗಳಿಂದ ಓದಲು ಬರುವ ಹುಡುಗಿಯರನ್ನು ಇಟ್ಟುಕೊಂಡು, ಅವರಿಗೆಲ್ಲ ಎರಡು ಹೊತ್ತು ಸ್ನಾನ ಮಾಡಿಸಿ, ಬಸಳೆ ಬೆಳೆದಳು. ಗಂಗವ್ವನೂ ಗೋಡೆಯಾಚೆ ಪುಂಡಿ ಹಾಕಿದಳು.

ಗುಂಪಿನ ಹೆಂಗಸರಿಗೆ ಭಾಷಣ ಮಾಡುವ ಮೊದಲು ಸಂಗತಿಗಳನ್ನು ಪರೀಕ್ಷಿಸಿಕೊಳ್ಳಬೇಕು ಎಂದು, ಹಳೇ ಚಾಳಿಯಂತೆ, ಹೋದ ವಾರ ಶಿರಸಿಗೆ ಹೋದೆ. ಅತ್ತೆಗೆ ಈಗ ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ಬಾವಿಯಿದ್ದ ಜಾಗದಲ್ಲಿ ಸಿಮೆಂಟು ಬಂದಿದೆ, ಅದರ ಮೇಲೆ ಅವಳ ಬಣ್ಣದ ಡಬ್ಬಿಗಳು, ಡಬ್ಬಿಗಳಲ್ಲಿ ತೊಂಡೆಬಳ್ಳಿ. ಮನೆಯಲ್ಲಿರುವ ಇಬ್ಬರು ಕಾಲೇಜು ಹುಡುಗಿಯರು ನೀರು ಹಾಕುತ್ತಿದ್ದರು. ನಾನು ಬರೆದುಕೊಂಡಿದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಅವಳು ಒಂದೊಂದಾಗಿ ಕೆಡವಿದಳು.

“ಪಡವಲ ಎಲ್ಲಿತ್ತೇ? ಹಾಗಲ ಇತ್ತು.”

“ಕಲ್ಲು ಕಟ್ಟಿದ್ದು ಯಂಗೆ ನೆನಪಿದ್ದು ಅತ್ತೆ.”

“ಅದು ಊರ ಮನೆಲಿ. ಮತ್ತೆ ಗಂಗವ್ವ ಅವತ್ತು ಬನವಾಸಿಗೆ ಹೋಗಿತ್ತು. ಗೋಡೆ ಮೇಲೆ ಬಂದಿದ್ದು ಬಿಡಾರ ಕೊಟ್ಟ ಮೇಷ್ಟ್ರ ಹೆಂಡತಿ.”

“ಮೇಷ್ಟ್ರ ಹೆಂಡತಿ ‘ಏನೈತ್ರಿ’ ಹೇಳಿ ಮಾತಾಡ್ತಿದ್ವಾ?”

ಅತ್ತೆ ಯೋಚಿಸಿದಳು. “ಇಲ್ಲೆ” ಎಂದಳು. ಡಬ್ಬಿಯ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, “ಕೋಣ ಮಾತ್ರ ಹೌದು” ಎಂದಳು.

ಬದನೆಕಾಯಿ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಅದೇ ಪ್ರಶ್ನೆ ಎಂದುಕೊಂಡಿದ್ದೆ. ಅಲ್ಲಿ ಅವಳ ಪಕ್ಕ ಕುಳಿತಾಗ, ಆ ಹುಡುಗಿಯರು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು “ಹೋಗಿ ಬರ್ತ್ಯ ಅಜ್ಜಿ” ಎಂದು ಹೊರಟಾಗ, ಅದು ಸಂತೆಯದೋ ಗಂಗವ್ವನದೋ ಎನ್ನುವುದು ನನಗೆ ಬೇಕಾಗಿಯೇ ಇಲ್ಲ ಎಂದು ಗೊತ್ತಾಯಿತು. ಬೇರೆಯದನ್ನು ಕೇಳಿದೆ.

“ಅತ್ತೆ, ಅವತ್ತು ಗೇಟಿನ ಹತ್ರ ಅಜ್ಜ ನಿಂಗೆ ಎಂತ ಹೇಳಿದ್ದ?”

ಅವಳು ತೊಂಡೆಬಳ್ಳಿಯ ಒಂದು ಕುಡಿಯನ್ನು ದಾರದ ಕಡೆ ತಿರುಗಿಸುತ್ತಿದ್ದಳು. ತಿರುಗಿಸಿದಳು. ಬಾಯಿಗೆ ಸೆರಗು ಹೋಯಿತು. ನಗುವಿಗೆ ಭುಜ ಅಲುಗುವುದು ನನಗೆ ಕಾಣುತ್ತಿತ್ತು. ನಾನು ಯಲ್ಲಾಪುರದ ಕೊನೆಯ ಬಸ್ಸು ತಪ್ಪುವವರೆಗೂ ಕಾದೆ, ಸೆರಗು ಬಾಯಿಂದ ಇಳಿಯಲಿಲ್ಲ.